ಕೊರೊನಾ ಹೋಗಿ ತಿಂಗಳಾದ ಮೇಲೆ ಬಂದ ಜ್ವರ

ಇದನ್ನು ಬರೆಯುವಾಗ ಮಗಳಿಗೆ ಎಂಟು ವರ್ಷ. ಕಳೆದ ವಾರ ಮಂಗಳೂರಿನಲ್ಲಿ ಅವಳ ಕೊನೆಯ ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್, ಆಯಿತು. ಹೃದಯ ಸರಿಯಾಗಿದೆ, ಮಾತ್ರೆ ಬೇಡ, ಓಡಬಹುದು, ಆಡಬಹುದು ಅಂತ ಡಾಕ್ಟರು ಬರೆದುಕೊಟ್ಟರು. ಅವಳಿಗೆ ಬಂದ ಕಾಯಿಲೆಯ ಹೆಸರು ಎಂಐಎಸ್‌-ಸಿ, ಕೊರೊನಾ ಹೋದ ಮೇಲೆ ಕೆಲವು ಮಕ್ಕಳ ಮೈಯಲ್ಲಿ ಹಲವು ಅಂಗಗಳಿಗೆ ಒಟ್ಟಿಗೆ ಬರುವ ಉರಿಯೂತ. ಅದು ನಮ್ಮ ಮನೆಗೆ ಬರುವ ತನಕ ಆ ಹೆಸರನ್ನೇ ನಾವು ಕೇಳಿರಲಿಲ್ಲ. ಆಸ್ಪತ್ರೆಯ ಬೆಂಚಿನಲ್ಲಿ ಕೂತು ಮೊಬೈಲಿನಲ್ಲಿ ಕನ್ನಡದಲ್ಲಿ ಹುಡುಕಿದರೆ ನನಗೆ ಬೇಕಾದದ್ದು ಸಿಗಲಿಲ್ಲ. ಹಾಗಾಗಿ ನಾವು ಕಂಡದ್ದನ್ನು, ಡಾಕ್ಟರುಗಳು ತಾಳ್ಮೆಯಿಂದ ಹೇಳಿದ್ದನ್ನು, ಖರ್ಚಿನ ಲೆಕ್ಕವನ್ನು, ಅಲೆದಾಟವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಕಾಸರಗೋಡಿನಲ್ಲಿ ಇರುವವರಿಗೆ ಇದರಲ್ಲಿ ಸ್ವಲ್ಪ ಜಾಸ್ತಿ ಉಪಯೋಗ ಇದೆ. ಗಡಿ ದಾಟುವ ಕಥೆ ನಮಗೆ ಮಾತ್ರ ಇರುವುದಲ್ವಾ.

ನಮ್ಮ ಮನೆ ಕಾಸರಗೋಡಿನ ಪೆರ್ಲದ ಹತ್ತಿರ. ಸಣ್ಣ ಅಡಿಕೆ ತೋಟ. 2021ರ ಜುಲೈಯಲ್ಲಿ ಮನೆಗೆ ಕೊರೊನಾ ಬಂತು. ಮೊದಲು ನಮ್ಮ ಯಜಮಾನರಿಗೆ ವಾಸನೆ ಹೋಯಿತು. ಮತ್ತೆ ಅತ್ತೆಗೆ ಕೆಮ್ಮು. ಆಮೇಲೆ ನನಗೆ ಮೈಕೈ ನೋವು, ಜ್ವರ. ದೊಡ್ಡವರಿಗೆಲ್ಲ ಟೆಸ್ಟ್ ಆಯಿತು, ಪಾಸಿಟಿವ್ ಬಂತು. ಮಗಳಿಗೆ ಟೆಸ್ಟ್ ಮಾಡಲಿಲ್ಲ. "ಮನೆಯಲ್ಲಿ ಎಲ್ಲರಿಗೂ ಇದೆ, ಮಗುವಿಗೂ ಬಂದಿದೆ ಅಂತಲೇ ಇಟ್ಟುಕೊಳ್ಳಿ" ಅಂದರು ಆಶಾ ಕಾರ್ಯಕರ್ತೆ. ಆಗ ಎಲ್ಲ ಕಡೆ ಹೀಗೆಯೇ ನಡೆಯುತ್ತಿತ್ತು. ಮಗಳಿಗೆ ಒಂದು ರಾತ್ರಿ ಮೈ ಬೆಚ್ಚಗಾಗಿತ್ತು, ಅಷ್ಟೇ. ಮರುದಿನ ನಾವೆಲ್ಲ ಚಾಪೆ ಬಿಟ್ಟು ಏಳಲಾಗದೆ ಮಲಗಿದ್ದರೆ ಅವಳು ಜಗಲಿಯಲ್ಲಿ ಒಬ್ಬಳೇ ಕುಂಟಾಬಿಲ್ಲೆ ಆಡುತ್ತಿದ್ದಳು.

ಮಕ್ಕಳಿಗೆ ಯಾಕೆ ಇಷ್ಟು ಸುಲಭದಲ್ಲಿ ಹೋಗುತ್ತದೆ ಅಂತ ಆಗ ಯಾರೂ ಯೋಚಿಸಲಿಲ್ಲ, ದೇವರ ದಯೆ ಅಂದುಕೊಂಡೆವು. ಕಾರಣ ಮಂಗಳೂರಿನ ಡಾಕ್ಟರಿಂದ ಗೊತ್ತಾಯಿತು. ಕಾಯಿಲೆ ಅರ್ಥವಾಗಬೇಕಾದರೆ ಇದು ಗೊತ್ತಿರಬೇಕು, ಅದಕ್ಕೆ ಇಲ್ಲೇ ಹೇಳುತ್ತೇನೆ.

ಮಕ್ಕಳ ಮೂಗಿನ ಒಳಪದರದ ಕೋಶಗಳು ಮೊದಲೇ ಎಚ್ಚರದಲ್ಲಿರುತ್ತವೆ. ವೈರಸ್ ಬಂದಿದೆ ಅಂತ ಗುರುತಿಸುವ ಪ್ರೋಟೀನುಗಳು ಅವುಗಳಲ್ಲಿ ದೊಡ್ಡವರಿಗಿಂತ ಜಾಸ್ತಿ ತಯಾರಿರುತ್ತವೆ. ಬರ್ಲಿನ್‌ನ ಸಂಶೋಧಕರು ಮಕ್ಕಳ ಮತ್ತು ದೊಡ್ಡವರ ಮೂಗಿನ ಕೋಶಗಳನ್ನು ಹೋಲಿಸಿ 2021ರಲ್ಲಿ ಇದನ್ನು ತೋರಿಸಿದ್ದಾರೆ. ವೈರಸ್ ಒಳಗೆ ಬಂದ ಕೂಡಲೇ ಇಂಟರ್‌ಫೆರಾನ್ ಅನ್ನುವ ವಸ್ತು ಬೇಗ ಹೊರಡುತ್ತದೆ. ವೈರಸ್ ಹೆಚ್ಚಿಕೊಳ್ಳಲು ಅದು ಬಿಡುವುದಿಲ್ಲ. ಜೊತೆಗೆ ಮಕ್ಕಳಲ್ಲಿ ಹೊಸ ರೋಗಾಣುವನ್ನು ಕಲಿತುಕೊಳ್ಳಬಲ್ಲ ಟಿ ಕೋಶಗಳು ಅನ್ನುವ ಬಿಳಿ ರಕ್ತಕಣಗಳು ಹೇರಳ. ದೊಡ್ಡವರಲ್ಲಿ ಹಳೇ ಕಾಯಿಲೆಗಳನ್ನು ನೆನಪಿಟ್ಟುಕೊಂಡ ಕೋಶಗಳೇ ಜಾಸ್ತಿ. ಕೊರೊನಾದಿಂದ ಚೇತರಿಸಿದ ಮಕ್ಕಳ ರಕ್ತ ನೋಡಿದರೆ ಆ್ಯಂಟಿಬಾಡಿ, ಅಂದರೆ ರೋಗಾಣುವನ್ನು ಹಿಡಿಯುವ ಪ್ರೋಟೀನು, ಹೆಚ್ಚಾಗಿ ವೈರಸ್‌ನ ಹೊರಗಿನ ಮುಳ್ಳಿನ ವಿರುದ್ಧ ಇರುತ್ತದೆ. ವೈರಸ್‌ನ ಒಳಗಿನ ಭಾಗದ ವಿರುದ್ಧ ಅಷ್ಟು ಇರುವುದಿಲ್ಲ. ಅಂದರೆ ವೈರಸ್ ಮೈಯಲ್ಲಿ ತುಂಬಾ ಬೆಳೆಯುವ ಮೊದಲೇ ಕೆಲಸ ಮುಗಿದಿರುತ್ತದೆ.

ಬಹುಪಾಲು ಮಕ್ಕಳಲ್ಲಿ ಕಥೆ ಇಲ್ಲಿಗೇ ಮುಗಿಯುತ್ತದೆ. ನಮ್ಮಲ್ಲಿ ಮುಗಿಯಲಿಲ್ಲ.

ಓಣಂ ಕಳೆದಿತ್ತು. ಮಳೆ ಸ್ವಲ್ಪ ಬಿಟ್ಟದ್ದರಿಂದ ತೋಟದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವವರು ಬಂದಿದ್ದರು. ಅವರಿಗೆ ಚಹಾ ಕೊಂಡುಹೋಗಲು ನನ್ನ ಜೊತೆ ಬಂದ ಮಗಳು ಅರ್ಧ ದಾರಿಯಲ್ಲಿ ಕೂತುಬಿಟ್ಟಳು. "ಅಮ್ಮಾ, ಕಾಲು ಬರುದಿಲ್ಲ" ಅಂದಳು. ಮುಟ್ಟಿದರೆ ಮೈ ಸುಡುತ್ತಿತ್ತು. ರಾತ್ರಿ 103 ಡಿಗ್ರಿ. ಪ್ಯಾರಾಸಿಟಮಾಲ್ ಸಿರಪ್ ಕೊಟ್ಟರೆ ಒಂದು ಗಂಟೆ ಇಳಿಯುವುದು, ಮತ್ತೆ ಏರುವುದು.

ಮಳೆಗಾಲದಲ್ಲಿ ನಮ್ಮೂರಲ್ಲಿ ಜ್ವರ ಅಂದರೆ ಮೊದಲು ಡೆಂಗ್ಯೂ, ಮತ್ತೆ ಇಲಿಜ್ವರ. ಹತ್ತಿರದ ಕ್ಲಿನಿಕ್ಕಿನಲ್ಲಿ ಅದನ್ನೇ ನೋಡಿದರು. ಡೆಂಗ್ಯೂ ಟೆಸ್ಟ್ ನೆಗೆಟಿವ್, ಆದರೆ ಪ್ಲೇಟ್‌ಲೆಟ್ ಸ್ವಲ್ಪ ಕಮ್ಮಿ. "ವೈರಲ್ ಫೀವರ್, ನೀರು ಚೆನ್ನಾಗಿ ಕುಡಿಸಿ" ಅಂತ ಕಳಿಸಿದರು. ಮರುದಿನ ಹೊಟ್ಟೆನೋವು ಶುರುವಾಯಿತು. ಗಂಜಿ ತಿಳಿ ಕುಡಿಸಿದರೂ ವಾಂತಿ. ಭೇದಿಯೂ ಆಯಿತು. ಸಂಜೆ ಹೊತ್ತಿಗೆ ಕಣ್ಣು ಎರಡೂ ಕೆಂಪು. ಪಿಸುರು ಇಲ್ಲ, ನೀರು ಇಲ್ಲ, ಸುಮ್ನೆ ಕೆಂಪು. ತುಟಿ ಒಡೆದು ರಕ್ತ ಬರುವ ಹಾಗಾಗಿತ್ತು. ಹೊಟ್ಟೆಯ ಮೇಲೆ, ತೊಡೆಯ ಮೇಲೆ ಕೆಂಪು ದಡಿಕೆ.

ಈ ಲಕ್ಷಣಗಳು ಎಲ್ಲ ಒಟ್ಟಿಗೆ ಬರುವುದಿಲ್ಲ. ಒಂದೊಂದಾಗಿ ಬರುತ್ತವೆ. ಹಾಗಾಗಿ ಪ್ರತಿಯೊಂದಕ್ಕೂ ಒಂದೊಂದು ಬೇರೆ ಕಾರಣ ಸುಲಭವಾಗಿ ಸಿಗುತ್ತದೆ. ಕಣ್ಣು ಕೆಂಪಾದರೆ ಕೆಂಗಣ್ಣು, ದಡಿಕೆ ಎದ್ದರೆ ಮದ್ದಿನ ಅಲರ್ಜಿ, ಹೊಟ್ಟೆನೋವಾದರೆ ಹೊಟ್ಟೆ ಕೆಟ್ಟದ್ದು. ಮಕ್ಕಳಿಗೆ ಜ್ವರ ಮೂರು ದಿನ ದಾಟಿದಾಗ ಇವನ್ನೆಲ್ಲ ಒಂದು ಚೀಟಿಯಲ್ಲಿ ದಿನದ ಲೆಕ್ಕದಲ್ಲಿ ಬರೆದುಕೊಂಡು ಡಾಕ್ಟರಿಗೆ ತೋರಿಸಿ. ನನ್ನ ಅತ್ತೆ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು: ಇಂಥ ದಿನ ವಾಂತಿ, ಇಂಥ ದಿನ ಕಣ್ಣು. ಮುಂದೆ ಪ್ರತಿ ಆಸ್ಪತ್ರೆಯಲ್ಲೂ ಅದೇ ಕೆಲಸಕ್ಕೆ ಬಂತು.

ಕಾಸರಗೋಡು ಪೇಟೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಒಳಗೆ ಹೋಗುವ ಮೊದಲು ಕೊರೊನಾ ಟೆಸ್ಟ್. ರಿಪೋರ್ಟ್ ಬರುವ ತನಕ ಬೇರೆ ಕೋಣೆ. ಅಲ್ಲಿ ನೋಡಿದ ಮೊದಲ ಡಾಕ್ಟರು ತೆಂಕಣ ಕಡೆಯವರು, ಮಲಯಾಳ ಮಾತ್ರ ಬರುತ್ತಿತ್ತು. "ಎವಿಡೆಯಾ ವೇದನ?" (ಎಲ್ಲಿ ನೋವು?) ಅಂತ ಮಗಳನ್ನು ಕೇಳಿದರು. ಅವಳು ಕನ್ನಡ ಶಾಲೆಯ ಹುಡುಗಿ, ಮೇಲಾಗಿ ಒಂದೂವರೆ ವರ್ಷದಿಂದ ಶಾಲೆಯೇ ಇಲ್ಲದೆ ಮನೆಯಲ್ಲಿದ್ದವಳು. ಸುಮ್ಮನೆ ನನ್ನ ಮುಖ ನೋಡಿದಳು. ನಾನು ಕೇಳಿದೆ, ಹೊಕ್ಕುಳಿನ ಬಲಗಡೆ ಕೈ ಇಟ್ಟಳು. ಅಪೆಂಡಿಕ್ಸ್ ಇರಬಹುದು ಅಂತ ಸ್ಕ್ಯಾನಿಂಗ್‌ಗೆ ಬರೆದರು. ಸ್ಕ್ಯಾನಿನಲ್ಲಿ ಹೊಟ್ಟೆಯೊಳಗೆ ಸ್ವಲ್ಪ ನೀರು, ಗಂಟುಗಳು ಊದಿಕೊಂಡಿವೆ ಅಂತ ಬಂತು. ಆಪರೇಷನ್ ಬೇಕಾಗಬಹುದು ಅಂದರು. ಈ ಕಾಯಿಲೆಯಲ್ಲಿ ಹೊಟ್ಟೆನೋವು ಅಪೆಂಡಿಕ್ಸ್ ಅಂತಲೇ ಕಾಣುವುದು ಬಹಳ ಸಾಮಾನ್ಯ ಅಂತ ಆಮೇಲೆ ಗೊತ್ತಾಯಿತು.

ಅಷ್ಟರಲ್ಲಿ ಆರ್‌ಟಿ-ಪಿಸಿಆರ್ ನೆಗೆಟಿವ್ ಬಂತು. ಕೊರೊನಾ ಅಲ್ಲ ಅಂತ ಎಲ್ಲರಿಗೂ ಸಮಾಧಾನ. ರಾತ್ರಿ ಪಾಳಿಗೆ ಬಂದ ಚಿಕ್ಕ ಪ್ರಾಯದ ಡಾಕ್ಟರಮ್ಮ ಮಗಳ ತುಟಿ, ಕಣ್ಣು, ಕೈಬೆರಳು ಎಲ್ಲ ಟಾರ್ಚ್ ಬಿಟ್ಟು ನೋಡಿದರು. ಬೆರಳಿನ ಉಗುರು ಒತ್ತಿ ಬಿಟ್ಟು, ಬಿಳಿಚಿದ ಜಾಗಕ್ಕೆ ಮತ್ತೆ ರಕ್ತ ಬರಲು ಎಷ್ಟು ಹೊತ್ತು ಬೇಕು ಅಂತ ಎಣಿಸಿದರು. ಮೈ ಸುಡುತ್ತಿದ್ದರೂ ಪಾದ ತಣ್ಣಗಿತ್ತು. ಆಮೇಲೆ ನನ್ನತ್ತ ತಿರುಗಿ ಕೇಳಿದರು: "ಎರಡು ತಿಂಗಳಿನ ಒಳಗೆ ಮನೆಯಲ್ಲಿ ಯಾರಿಗಾದರೂ ಕೊರೊನಾ ಆಗಿತ್ತಾ?"

ಆ ಪ್ರಶ್ನೆಯನ್ನು ಅಲ್ಲಿಯ ತನಕ ಯಾರೂ ಕೇಳಿರಲಿಲ್ಲ. ಈಗ ಇದೆಯಾ ಅಂತ ಎಲ್ಲರೂ ಕೇಳಿದ್ದರು. ಹಿಂದೆ ಇತ್ತಾ ಅಂತ ಕೇಳಿದವರು ಅವರೊಬ್ಬರೇ. ಜುಲೈಯ ಕಥೆ ಹೇಳಿದೆ. ತಕ್ಷಣ ಸಿಆರ್‌ಪಿ ಮಾಡಿಸಿದರು. ಅದು ರಕ್ತದಲ್ಲಿ ಉರಿಯೂತ ಎಷ್ಟಿದೆ ಅಂತ ತೋರಿಸುವ ಟೆಸ್ಟ್. ಒಂದಂಕಿಯಲ್ಲಿ ಇರಬೇಕಾದದ್ದು 180ರ ಮೇಲಿತ್ತು. "ಇದು ಅಪೆಂಡಿಕ್ಸ್ ಅಲ್ಲ ಅಂತ ನನಗೆ ಅನಿಸುತ್ತದೆ. ಮಕ್ಕಳ ಹೃದಯ ನೋಡುವ ಡಾಕ್ಟರು, ಮಕ್ಕಳ ಐಸಿಯು ಎರಡೂ ಇರುವ ಕಡೆ ಈಗಲೇ ಹೋಗಿ" ಅಂದರು. ರೆಫರೆನ್ಸ್ ಪತ್ರವನ್ನು ತಾವೇ ಕೂತು ಬರೆದರು. ಎಂಐಎಸ್‌-ಸಿ ಅನ್ನುವ ಅಕ್ಷರಗಳನ್ನು ಅದರಲ್ಲೇ ಮೊದಲ ಸಲ ನೋಡಿದೆ. ಆ ಡಾಕ್ಟರಮ್ಮನ ಋಣ ನಮ್ಮ ಮೇಲೆ ಯಾವತ್ತೂ ಇರುತ್ತದೆ.

ನಿಮ್ಮ ಮಗುವಿಗೆ ಜ್ವರ ಬಂದು ಬಿಡದೇ ಇದ್ದರೆ, ಡಾಕ್ಟರು ಕೇಳಲಿ ಬಿಡಲಿ, ಮನೆಯಲ್ಲಿ ಕೊರೊನಾ ಬಂದು ಎಷ್ಟು ವಾರವಾಯಿತು ಅಂತ ನೀವೇ ಹೇಳಿ. ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಆಗ ಮಗುವಿಗೆ ಏನೂ ಆಗಿರಲಿಲ್ಲ ಅಂತ ಬಿಡಬೇಡಿ. ಈ ಕಾಯಿಲೆ ಬಂದ ಎಷ್ಟೋ ಮಕ್ಕಳಿಗೆ ಕೊರೊನಾ ಬಂದದ್ದೇ ಗೊತ್ತಾಗಿರುವುದಿಲ್ಲ.

ಕಾಸರಗೋಡಿನಿಂದ ಮಂಗಳೂರಿಗೆ ಐವತ್ತು ಕಿಲೋಮೀಟರ್. ನಮಗೆ ದೊಡ್ಡ ಆಸ್ಪತ್ರೆ ಅಂದರೆ ಹಿಂದಿನಿಂದಲೂ ಮಂಗಳೂರೇ. ಆದರೆ ನಡುವೆ ತಲಪಾಡಿ ಇದೆ, ಕೇರಳ-ಕರ್ನಾಟಕ ಗಡಿಯ ಚೆಕ್‌ಪೋಸ್ಟ್. 2020ರ ಮಾರ್ಚ್‌ನಲ್ಲಿ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದು, ಆಂಬುಲೆನ್ಸ್ ವಾಪಸ್ ಕಳಿಸಿದ್ದು, ಚಿಕಿತ್ಸೆ ಸಿಗದೆ ಜನ ತೀರಿಕೊಂಡದ್ದು, ಕೊನೆಗೆ ವಿಷಯ ಹೈಕೋರ್ಟಿಗೆ ಹೋದದ್ದು ಇಲ್ಲಿ ಯಾರೂ ಮರೆತಿಲ್ಲ. 2021ರ ಆಗಸ್ಟ್‌ನಲ್ಲಿ ರಸ್ತೆ ತೆರೆದಿತ್ತು, ಆದರೆ ಕೇರಳದಿಂದ ಬರುವವರು 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ರಿಪೋರ್ಟ್ ತೋರಿಸಬೇಕಿತ್ತು. ಎರಡು ಡೋಸ್ ಲಸಿಕೆ ಆಗಿದ್ದರೂ ಬೇಕು. ಮಗಳ ರಿಪೋರ್ಟ್ ಇತ್ತು. ನಮ್ಮಿಬ್ಬರದ್ದು ಇರಲಿಲ್ಲ. ಹೋದ ತಿಂಗಳಷ್ಟೇ ಪಾಸಿಟಿವ್ ಆಗಿದ್ದವರು ನಾವು, ಈಗ ಮಾಡಿಸಿದರೂ ಮತ್ತೆ ಪಾಸಿಟಿವ್ ಬಂದರೆ ಎಂತ ಮಾಡುವುದು ಅನ್ನುವ ಹೆದರಿಕೆ ಬೇರೆ.

ಆಂಬುಲೆನ್ಸಿನಲ್ಲಿ ಹೋದೆವು. ಕುಂಬಳೆ, ಉಪ್ಪಳ, ಮಂಜೇಶ್ವರ ದಾಟುವಾಗ ಮಗಳಿಗೆ ಮಾತಾಡಿಸಿದರೆ ಹೂಂ ಅನ್ನುವಷ್ಟು ಮಾತ್ರ ಎಚ್ಚರ ಇತ್ತು. ಚೆಕ್‌ಪೋಸ್ಟಿನಲ್ಲಿ ಪೊಲೀಸರು ಟಾರ್ಚ್ ಬಿಟ್ಟು ನೋಡಿ ಕಾಗದ ಕೇಳಿದರು. ರೆಫರೆನ್ಸ್ ಪತ್ರ, ಮಗಳ ರಿಪೋರ್ಟ್, ನಮ್ಮ ಆಧಾರ್ ಕೊಟ್ಟೆವು. ಪತ್ರದಲ್ಲಿ ಡಾಕ್ಟರಮ್ಮ "ತುರ್ತು, ತಂದೆ ತಾಯಿ ಜೊತೆಗೆ ಇರಲೇಬೇಕು" ಅಂತ ಬರೆದು ಸೀಲ್ ಹಾಕಿದ್ದರು. ಹೆಸರು, ಫೋನ್ ನಂಬರ್ ಬರೆದುಕೊಂಡು ಬಿಟ್ಟರು. ಈಗ ಆ ನಿಯಮ ಇಲ್ಲ. ಆದರೂ ಗಡಿಯಾಚೆ ಚಿಕಿತ್ಸೆಗೆ ಹೋಗುವವರು ರೆಫರೆನ್ಸ್ ಪತ್ರದಲ್ಲಿ ರೋಗಿಯ ಹೆಸರಿನ ಜೊತೆ ಜೊತೆಗಾರರ ಹೆಸರನ್ನೂ ಬರೆಸಿಕೊಳ್ಳಿ.

ಮಂಗಳೂರಿನ ಆಸ್ಪತ್ರೆಯಲ್ಲಿ ನೇರ ಮಕ್ಕಳ ಐಸಿಯುಗೆ ತೆಗೆದುಕೊಂಡರು. ಬಿಪಿ ತುಂಬಾ ಇಳಿದಿತ್ತು, ಅದನ್ನು ಏರಿಸುವ ಮದ್ದನ್ನು ಡ್ರಿಪ್ಪಿನಲ್ಲಿ ಶುರು ಮಾಡಿದರು. ಎಕೋ ಯಂತ್ರವನ್ನು ಹಾಸಿಗೆಯ ಹತ್ತಿರವೇ ತಂದರು. ಆ ಸ್ಕ್ಯಾನಿಂಗಿನಲ್ಲಿ ನೋವಿಲ್ಲ, ಎದೆಗೆ ತಣ್ಣನೆಯ ಜೆಲ್ ಹಚ್ಚಿ ನೋಡುತ್ತಾರೆ. ಹೃದಯ ಒಂದು ಬಡಿತಕ್ಕೆ ಒಳಗಿನ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಹೊರಗೆ ತಳ್ಳುತ್ತದೆ ಅನ್ನುವ ಲೆಕ್ಕ ಒಂದಿದೆ. 55ರ ಮೇಲೆ ಇರಬೇಕು. ಮಗಳದ್ದು 42. ಹೃದಯಕ್ಕೇ ರಕ್ತ ಕೊಡುವ ಕೊರೊನರಿ ನಾಳವೂ ಸ್ವಲ್ಪ ಹಿಗ್ಗಿತ್ತು. ಏಳು ವರ್ಷದ ಮಗುವಿಗೆ ಹೃದಯದ ತೊಂದರೆ ಅಂತ ಕೇಳಿದಾಗ ನನ್ನ ಯಜಮಾನರು ಗೋಡೆಗೆ ಒರಗಿ ಹಾಗೇ ಕೂತುಬಿಟ್ಟರು.

ಬೆಳಿಗ್ಗೆ ದೊಡ್ಡ ಡಾಕ್ಟರು ನಮ್ಮನ್ನು ಕೂರಿಸಿ ಕನ್ನಡದಲ್ಲಿ ವಿವರಿಸಿದರು. "ಮಗುವಿನ ಮೈಯಲ್ಲಿ ಈಗ ವೈರಸ್ಸಿನದ್ದು ಗಲಾಟೆ ಅಲ್ಲ. ವೈರಸ್ ಓಡಿಸಿದ ರೋಗನಿರೋಧಕ ವ್ಯವಸ್ಥೆಯೇ ಈಗ ಗಲಾಟೆ ಮಾಡುತ್ತಿದೆ" ಅಂದರು. ನನಗೆ ಅರ್ಥವಾದದ್ದು ಹೀಗೆ: ತೋಟಕ್ಕೆ ಬಂದ ಹಂದಿಯನ್ನು ಓಡಿಸಿದ ನಾಯಿ, ಹಂದಿ ಹೋಗಿ ಎಷ್ಟೋ ದಿನವಾದ ಮೇಲೆ ಮನೆಯವರನ್ನೇ ಕಚ್ಚಲು ಬಂದ ಹಾಗೆ. ಟಿ ಕೋಶಗಳಲ್ಲಿ ಒಂದು ಜಾತಿಯವು ಈ ಮಕ್ಕಳಲ್ಲಿ ವಿಪರೀತ ಹೆಚ್ಚುತ್ತವಂತೆ. ಅವು ಉರಿಯೂತ ಎಬ್ಬಿಸುವ ಸೈಟೊಕೈನ್‌ಗಳನ್ನು ರಕ್ತಕ್ಕೆ ಸುರಿಯುತ್ತವೆ. ರಕ್ತ ಹೋಗುವ ಕಡೆಗೆಲ್ಲ ಉರಿಯೂತವೂ ಹೋಗುತ್ತದೆ. ಹೊಟ್ಟೆ, ಚರ್ಮ, ಕಣ್ಣು, ಹೃದಯ ಎಲ್ಲ ಒಟ್ಟಿಗೆ ಸಿಕ್ಕಿಹಾಕಿಕೊಳ್ಳುವುದು ಅದಕ್ಕೇ. ವೈರಸ್ ಆಗಲೇ ಹೋಗಿರುತ್ತದೆ, ಪಿಸಿಆರ್ ನೆಗೆಟಿವ್ ಬರುವುದು ಅದಕ್ಕೇ. ಆ್ಯಂಟಿಬಾಡಿ ಟೆಸ್ಟ್ ಮಾಡಿಸಿದರು, ಪಾಸಿಟಿವ್. ಮಗಳಿಗೆ ಲಸಿಕೆ ಆಗಿರಲಿಲ್ಲವಾದ್ದರಿಂದ ಅದು ಜುಲೈಯ ಸೋಂಕಿನದ್ದೇ ಅಂತ ಖಾತ್ರಿಯಾಯಿತು. ಈಗ ಹೆಚ್ಚಿನ ಮಕ್ಕಳಿಗೆ ಒಂದು ಸಲವಾದರೂ ಸೋಂಕು ಆಗಿ ಹೋಗಿದೆ. ಹಾಗಾಗಿ ಆ್ಯಂಟಿಬಾಡಿ ಒಂದನ್ನೇ ನೋಡಿ ಹೇಳುವುದು ಕಷ್ಟ, ಸೋಂಕು ಆದ ತಾರೀಖು ಇನ್ನೂ ಮುಖ್ಯವಾಗುತ್ತದೆ.

ಇಂಥ ಮಕ್ಕಳ ಬಗ್ಗೆ ಬ್ರಿಟನ್ನಿನ ಡಾಕ್ಟರುಗಳು ಮೊದಲು ಎಚ್ಚರಿಸಿದ್ದು 2020ರ ಏಪ್ರಿಲ್ ಕೊನೆಗೆ. ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಲಕ್ಷಣಗಳ ಪಟ್ಟಿ ಹೊರಡಿಸಿತು. ಮೊದಲು ಎಲ್ಲರೂ ಇದನ್ನು ಕಾವಾಸಾಕಿ ಕಾಯಿಲೆ ಅಂದುಕೊಂಡಿದ್ದರು. ಜಪಾನಿನ ಟೊಮಿಸಾಕು ಕಾವಾಸಾಕಿ 1967ರಲ್ಲಿ ಬರೆದ ಆ ಕಾಯಿಲೆಯಲ್ಲೂ ಜ್ವರ, ಕೆಂಪು ಕಣ್ಣು, ಒಡೆದ ತುಟಿ, ಕೊರೊನರಿ ಹಿಗ್ಗುವುದು ಇದೆ. ಆದರೆ ಅದು ಐದು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಜಾಸ್ತಿ. ಇದು ಎಂಟು ಒಂಬತ್ತರ ಆಸುಪಾಸಿನವರಿಗೆ ಜಾಸ್ತಿ, ಹೊಟ್ಟೆನೋವು ಮತ್ತು ಬಿಪಿ ಇಳಿಯುವುದೂ ಜಾಸ್ತಿ. ತೀರಾ ಅಪರೂಪದ ಕಾಯಿಲೆ. ಅಮೆರಿಕದಲ್ಲಿ 2020ರಲ್ಲಿ ಹಾಕಿದ ಒಂದು ಲೆಕ್ಕದ ಪ್ರಕಾರ 21 ವರ್ಷದ ಒಳಗಿನವರಲ್ಲಿ ಹತ್ತು ಲಕ್ಷ ಸೋಂಕಿಗೆ 316 ಮಂದಿಗೆ ಇದು ಬಂದಿತ್ತು. ಒಮಿಕ್ರಾನ್ ಬಂದ ಮೇಲೆ ಇನ್ನೂ ಕಮ್ಮಿಯಾಗಿದೆ. ಇದನ್ನು ಓದಿ ಯಾರೂ ಪ್ರತಿ ಶೀತಕ್ಕೂ ಹೆದರಬೇಕಾಗಿಲ್ಲ.

ಚಿಕಿತ್ಸೆ ಎರಡು. ಒಂದು ಸ್ಟೆರಾಯ್ಡ್, ಅದು ಅಗ್ಗ. ಇನ್ನೊಂದು ಐವಿಐಜಿ. ಸಾವಿರಾರು ಜನ ದಾನ ಮಾಡಿದ ರಕ್ತದ ಪ್ಲಾಸ್ಮಾದಿಂದ ತೆಗೆದ ಆ್ಯಂಟಿಬಾಡಿ ಅದು. ದಾರಿ ತಪ್ಪಿದ ರೋಗನಿರೋಧಕ ವ್ಯವಸ್ಥೆಯನ್ನು ತಣಿಸುತ್ತದೆ. ಮಗುವಿನ ತೂಕ ಒಂದು ಕಿಲೋಗೆ ಎರಡು ಗ್ರಾಂ ಲೆಕ್ಕ. ಮಗಳು ಇಪ್ಪತ್ತು ಕಿಲೋ, ಅಂದರೆ ನಲವತ್ತು ಗ್ರಾಂ. ಐದು ಗ್ರಾಮಿನ ಬಾಟಲಿ ಎಂಟು ಬೇಕು. ಆಗ ಒಂದು ಬಾಟಲಿಗೆ ಹತ್ತು ಸಾವಿರದ ಮೇಲಿತ್ತು. ಆಸ್ಪತ್ರೆಯ ಫಾರ್ಮಸಿಯಲ್ಲಿ ಅರ್ಧದಷ್ಟು ಮಾತ್ರ ಸ್ಟಾಕ್ ಇತ್ತು. ಉಳಿದದ್ದನ್ನು ಯಜಮಾನರು ಮತ್ತು ನನ್ನ ತಮ್ಮ ಹಂಪನಕಟ್ಟೆಯ ಸುತ್ತಮುತ್ತ ಅಂಗಡಿ ಅಂಗಡಿ ತಿರುಗಿ ತಂದರು. ಹೊರಗಿನಿಂದ ತರುವುದಾದರೆ ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲೇ ತರಬೇಕು, ಬಿಲ್ ತೆಗೆದುಕೊಳ್ಳಬೇಕು, ಆಗುವುದಾದರೆ ಎಲ್ಲ ಬಾಟಲಿ ಒಂದೇ ಕಂಪನಿಯದ್ದಾದರೆ ಒಳ್ಳೆಯದು ಅಂತ ನರ್ಸ್ ಮೊದಲೇ ಹೇಳಿದ್ದರು. ತೋಟದ ಮೇಲೆ ಸೊಸೈಟಿಯಲ್ಲಿ ಸಾಲ ಇತ್ತು. ದುಡ್ಡಿಗೆ ನನ್ನ ಬಳೆ ಬ್ಯಾಂಕಿಗೆ ಹೋಯಿತು. ಚಿನ್ನದ ಸಾಲ ಅರ್ಧ ಗಂಟೆಯಲ್ಲಿ ಸಿಗುತ್ತದೆ, ಆ ಹೊತ್ತಿಗೆ ಅದೇ ದೊಡ್ಡ ಉಪಕಾರ.

ಐವಿಐಜಿಯನ್ನು ಗಡಿಬಿಡಿಯಲ್ಲಿ ಕೊಡುವ ಹಾಗಿಲ್ಲ. ಮೊದಲು ಬಹಳ ನಿಧಾನ, ಮೈಗೆ ಒಗ್ಗಿದೆ ಅಂತ ಕಂಡ ಮೇಲೆ ಸ್ವಲ್ಪ ಸ್ವಲ್ಪ ವೇಗ. ಇಡೀ ರಾತ್ರಿ ಹಿಡಿಯಿತು. ಹೃದಯ ಸುಸ್ತಾಗಿದ್ದರಿಂದ ಇನ್ನೂ ಜಾಗ್ರತೆ, ನೀರಿನಂಶ ಹೆಚ್ಚಾದರೆ ಅದಕ್ಕೆ ಭಾರವಂತೆ. ಒಬ್ಬರಿಗೆ ಮಾತ್ರ ಒಳಗೆ ಕೂರಲು ಅವಕಾಶ. ನಾನು ಕೂತಿದ್ದೆ. ನರ್ಸ್ ಆಗಾಗ ಬಂದು ಬಿಪಿ, ಜ್ವರ ನೋಡುವರು, ಚಾರ್ಟಿನಲ್ಲಿ ಬರೆಯುವರು. ನಡುವೆ ಒಮ್ಮೆ ಮಗಳಿಗೆ ಚಳಿ ಹಿಡಿದು ಹಲ್ಲು ಕಟಕಟ ಅಂದಾಗ ನಿಲ್ಲಿಸಿ, ಮದ್ದು ಕೊಟ್ಟು, ಮತ್ತೆ ಶುರು ಮಾಡಿದರು. ಬೆಳಗಿನ ಜಾವ ಅವಳ ಹಣೆ ಬೆವರಿತು. ಮಧ್ಯಾಹ್ನ "ಅಮ್ಮಾ, ತೊವ್ವೆ ಅನ್ನ ಬೇಕು" ಅಂದಳು. ಎಷ್ಟೋ ದಿನದ ಮೇಲೆ ಅವಳು ಏನಾದರೂ ಬೇಕು ಅಂತ ಕೇಳಿದ್ದು. ನಾನು ಮಾಸ್ಕಿನೊಳಗೇ ಅತ್ತುಬಿಟ್ಟೆ. ನರ್ಸ್ ಬಂದು ಹೆಗಲು ಹಿಡಿದು ಹೊರಗೆ ಕರೆದುಕೊಂಡು ಹೋಗಿ ನೀರು ಕೊಟ್ಟರು.

ಆಮೇಲೆ ಇಳಿತ ಬೇಗ ಆಯಿತು. ಸಿಆರ್‌ಪಿ ಅರ್ಧಕ್ಕೆ ಬಂತು. ಬಿಪಿಯ ಡ್ರಿಪ್ ತೆಗೆದರು. ವಾರ್ಡಿಗೆ ಬಂದ ಮೇಲೆ ಮಾಡಿದ ಎಕೋದಲ್ಲಿ ಹೃದಯದ ಲೆಕ್ಕ ಐವತ್ತು ದಾಟಿತ್ತು. ಕೈಬೆರಳ ತುದಿಯ ಚರ್ಮ ಸುಲಿಯಲು ಶುರುವಾಯಿತು. ನೋಡಲು ಹೆದರಿಕೆಯಾಗುತ್ತದೆ, ಆದರೆ ಅದು ಗುಣವಾಗುವಾಗ ಆಗುವುದೇ.

ಚೌತಿ ಹೊತ್ತಿಗೆ ಮನೆಗೆ ಬಂದೆವು. ಸ್ಟೆರಾಯ್ಡ್ ಮಾತ್ರೆಯನ್ನು ವಾರಗಟ್ಟಲೆ ಸ್ವಲ್ಪ ಸ್ವಲ್ಪ ಕಮ್ಮಿ ಮಾಡುತ್ತಾ ಬರಬೇಕು. ಸಟಕ್ಕನೆ ನಿಲ್ಲಿಸಬಾರದು. ಮುಖ ಉಬ್ಬಿ ಗುಂಡಗಾಯಿತು, ಹಸಿವು ವಿಪರೀತ, ಸಣ್ಣ ಮಾತಿಗೂ ಸಿಟ್ಟು. "ಮದ್ದಿನ ಸಿಟ್ಟು ಅದು, ಮಗುವಿನದ್ದಲ್ಲ" ಅಂತ ಅತ್ತೆ ಎಲ್ಲರಿಗೂ ಹೇಳುತ್ತಿದ್ದರು. ಮದ್ದು ನಿಂತ ಮೇಲೆ ಮುಖ ಮೊದಲಿನಂತಾಯಿತು.

ರಕ್ತ ಹೆಪ್ಪುಗಟ್ಟದಿರಲು ಆಸ್ಪಿರಿನ್ ಸಣ್ಣ ಡೋಸ್ ಕೊಟ್ಟಿದ್ದರು. ಅದು ನಡೆಯುವಾಗ ಜ್ವರಕ್ಕೆ ಐಬುಪ್ರೊಫೆನ್ ಕೊಡಬಾರದು. ಫ್ಲೂ ಅಥವಾ ಸೀತಾಳೆ ಸಿಡುಬು ಬಂದರೆ, ಮನೆಯಲ್ಲಿ ಯಾರಿಗಾದರೂ ಸಿಡುಬು ಬಂದರೂ, ಕೂಡಲೇ ಡಾಕ್ಟರಿಗೆ ಹೇಳಬೇಕು. ಆಸ್ಪಿರಿನ್ ಇರುವಾಗ ಆ ಜ್ವರಗಳು ಮಕ್ಕಳ ಲಿವರಿಗೂ ಮಿದುಳಿಗೂ ಅಪಾಯ ತರಬಹುದು. ಇನ್ನೊಂದು ಮುಖ್ಯ ವಿಷಯ ಸಣ್ಣ ಮಕ್ಕಳಿರುವವರಿಗೆ. ಐವಿಐಜಿ ಆದ ಮೇಲೆ ದಡಾರ, ಸೀತಾಳೆ ಸಿಡುಬಿನಂಥ ಜೀವಂತ ಲಸಿಕೆಗಳನ್ನು ಹನ್ನೊಂದು ತಿಂಗಳು ಮುಂದೂಡಬೇಕು. ಹೊರಗಿನಿಂದ ಬಂದ ಆ್ಯಂಟಿಬಾಡಿ ಲಸಿಕೆಗೆ ಕೆಲಸ ಮಾಡಲು ಬಿಡುವುದಿಲ್ಲ. ಅಂಗನವಾಡಿಯಲ್ಲಿ ಲಸಿಕೆಯ ದಿನ ಕರೆದಾಗ ಡಿಸ್‌ಚಾರ್ಜ್ ಕಾಗದ ತೋರಿಸಿ.

ಇನ್ನು ಇನ್ಶೂರೆನ್ಸ್. ನಮ್ಮಲ್ಲಿ ಕುಟುಂಬದ ಒಂದು ಪಾಲಿಸಿ ಇತ್ತು. ಮೊದಲ ಸಲ ಕ್ಲೇಮ್ ವಾಪಸ್ ಬಂತು. "ಕೊರೊನಾ ಸಂಬಂಧಿ ಕಾಯಿಲೆ ಅಂತ ಬರೆದಿದೆ, ಪಿಸಿಆರ್ ನೆಗೆಟಿವ್ ಇದೆ, ಮಗುವಿನ ಪಾಸಿಟಿವ್ ರಿಪೋರ್ಟ್ ಕೊಡಿ" ಅಂತ. ಇಲ್ಲದ ರಿಪೋರ್ಟನ್ನು ಎಲ್ಲಿಂದ ತರುವುದು? ಫೋನ್ ಮಾಡಿದರೆ ಪ್ರತಿ ಸಲವೂ ಬೇರೆ ಜನ, ಮತ್ತೆ ಮೊದಲಿನಿಂದ ಕಥೆ. ಕೊನೆಗೆ ಆಸ್ಪತ್ರೆಯ ಡಾಕ್ಟರೇ ದಾರಿ ಮಾಡಿಕೊಟ್ಟರು. ಈ ಕಾಯಿಲೆಗೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಬೇರೆಯೇ ಸಂಖ್ಯೆ ಇದೆ, ಯು10. ಆ ಸಂಖ್ಯೆ ಹಾಕಿ, ಈ ಕಾಯಿಲೆ ಸೋಂಕು ಮುಗಿದ ಮೇಲೆ ಬರುವುದರಿಂದ ಪಿಸಿಆರ್ ನೆಗೆಟಿವ್ ಬರುವುದು ಸಹಜ ಅಂತ ಒಂದು ಪತ್ರ ಕೊಟ್ಟರು. ಅದರ ಜೊತೆಗೆ ಆ್ಯಂಟಿಬಾಡಿ ರಿಪೋರ್ಟ್, ಜುಲೈಯ ನಮ್ಮ ಪಾಸಿಟಿವ್ ರಿಪೋರ್ಟುಗಳು, ಹೊರಗಿನಿಂದ ತಂದ ಐವಿಐಜಿಯ ಬಿಲ್, ಬಾಟಲಿಯ ಮೇಲಿನ ಸ್ಟಿಕ್ಕರ್ ಎಲ್ಲ ಸೇರಿಸಿ ಮತ್ತೆ ಕಳಿಸಿದೆವು. ತಿಂಗಳುಗಟ್ಟಲೆ ಕಾದ ಮೇಲೆ ಮುಕ್ಕಾಲು ಪಾಲು ದುಡ್ಡು ಬಂತು. ಬಳೆ ಬಿಡಿಸಿಕೊಂಡೆವು. ಆಗ ಕೊರೊನಾಕ್ಕೆ ಅಂತಲೇ ಮಾಡಿಸಿದ ಪಾಲಿಸಿ ಮಾತ್ರ ಇದ್ದವರಿಗೆ ಪಾಸಿಟಿವ್ ರಿಪೋರ್ಟ್ ಇಲ್ಲದೆ ಕಷ್ಟವಿತ್ತು. ಮಾಮೂಲಿ ಆರೋಗ್ಯ ಪಾಲಿಸಿ ಇದ್ದರೆ ಅದರಲ್ಲೇ ಕೇಳಿ. ಜುಲೈಯ ರಿಪೋರ್ಟ್ ನಮ್ಮ ಮೊಬೈಲಿನಿಂದ ಅಳಿಸಿ ಹೋಗಿತ್ತು, ಅಕ್ಷಯ ಕೇಂದ್ರದವರು (ಕೇರಳ ಸರ್ಕಾರದ ಆನ್‌ಲೈನ್ ಸೇವೆಯ ಕೇಂದ್ರ) ಸರ್ಕಾರದ ವೆಬ್‌ಸೈಟಿನಿಂದ ತೆಗೆದುಕೊಟ್ಟರು.

ಅಲ್ಲಿಂದ ವರ್ಷವಿಡೀ ಆಗಾಗ ಎಕೋ ಆಯಿತು. ಮೊದಲು ಹತ್ತಿರ ಹತ್ತಿರ, ಆಮೇಲೆ ದೂರ ದೂರ. ಕೊರೊನರಿ ನಾಳ ಮೊದಲಿನ ಗಾತ್ರಕ್ಕೆ ಬಂದಿದೆ ಅಂತ ಖಾತ್ರಿಯಾದ ಮೇಲೆ ಆಸ್ಪಿರಿನ್ ನಿಲ್ಲಿಸಿದರು. ಆರು ತಿಂಗಳು ಓಟ, ಕಬಡ್ಡಿ, ಮರ ಹತ್ತುವುದು ಬೇಡ ಅಂದಿದ್ದರು. ಹೊರಗಿನಿಂದ ನೋಡಿದರೆ ಚೆನ್ನಾಗಿರುವ ಮಗುವನ್ನು ಕೂರಿಸಿಡುವುದು ಆಸ್ಪತ್ರೆಗಿಂತ ಕಷ್ಟ. ಶಾಲೆ ತೆರೆದ ಮೇಲೆ ಆಟದ ಪೀರಿಯಡ್‌ನಲ್ಲಿ ಅವಳು ಸ್ಕೋರ್ ಬರೆಯುತ್ತಿದ್ದಳು. ಟೀಚರಿಗೆ ಬಾಯಲ್ಲಿ ಹೇಳಿದರೆ ಸಾಲದು, ಡಾಕ್ಟರ ಪತ್ರದ ಜೆರಾಕ್ಸ್ ಕೊಡಿ. ಟೀಚರ್ ಬದಲಾದರೂ ಕಾಗದ ಇರುತ್ತದೆ.

ಹೋದ ತಿಂಗಳು ನಮ್ಮ ನೆರೆಮನೆಯ ಹುಡುಗನಿಗೆ ಜ್ವರ ಬಂದು ಬಿಡಲೇ ಇಲ್ಲ. ಅವನ ಅಮ್ಮ ಓಡಿಬಂದು ಕೇಳಿದಳು, "ಅಕ್ಕಾ, ನಿಮ್ಮ ಮಗಳಿಗೆ ಬಂದದ್ದೇನಾ ಇದು?" ಅವರ ಮನೆಯಲ್ಲಿ ಕೊರೊನಾ ಯಾವಾಗ ಬಂದದ್ದು ಅಂತ ಕೇಳಿದೆ, ತಾರೀಖು ಬರೆಸಿದೆ, ಕಣ್ಣು ತುಟಿ ನೋಡಿದೆ, ಪಾದ ಮುಟ್ಟಿದೆ. ಸಿಆರ್‌ಪಿ ಮಾಡಿಸಲು ಹೇಳಿ ಅಂತ ಅದೇ ಚೀಟಿಯ ಕೆಳಗೆ ಬರೆದೆ. ಅವನಿಗೆ ಟೈಫಾಯಿಡ್ ಅಂತ ಗೊತ್ತಾಯಿತು, ಈಗ ಗುಣವಾಗಿದ್ದಾನೆ. ಚೀಟಿಯನ್ನು ಮಾತ್ರ ಅವಳು ಇನ್ನೂ ರೇಷನ್ ಕಾರ್ಡಿನ ಕವರಿನಲ್ಲಿ ಇಟ್ಟುಕೊಂಡಿದ್ದಾಳೆ. ಅವಳಿಗೆ ಇನ್ನೊಂದು ಸಣ್ಣ ಮಗು ಇದೆ.